ಎರಡೂವರೆಯ ಓಲೆ

ನಮ್ಮ ಶಾಲೆಯಲ್ಲಿ ಶುಕ್ರವಾರ ಮಧ್ಯಾಹ್ನ ಎರಡೂವರೆಗೆ ಪ್ರತಿ ಮಗುವಿನ ಮನೆಗೂ ಒಂದು ‘ವಾರದ ಓಲೆ’ ಹೋಗಬೇಕು. ಓಲೆ ಎಂದರೆ ವಾಟ್ಸಾಪ್‌ನಲ್ಲಿ ಹೋಗುವ ಒಂದು ಪುಟ, ಅಷ್ಟೆ. ಈ ವಾರ ನಿಮ್ಮ ಮಗು ಏನು ಕಲಿಯಿತು, ಏನು ಮಾಡಿತು, ಏನು ಮಾತಾಡಿತು. ಮೂರು ಗಂಟೆಗೆ ಶಾಲೆ ಬಿಡುತ್ತದೆ. ಅಪ್ಪ ಅಮ್ಮಂದಿರು ಗೇಟಿಗೆ ಬರುವಷ್ಟರಲ್ಲಿ ಅದನ್ನು ಓದಿರಬೇಕು ಎಂಬುದು ನಮ್ಮ ಕೋಆರ್ಡಿನೇಟರ್ ಸತ್ಯಭಾಮಾ ಮೇಡಂ ಅವರ ಕಟ್ಟಪ್ಪಣೆ. ಆದರೆ ಶುಕ್ರವಾರದ ಮುಖ್ಯ ಚಟುವಟಿಕೆ ಶುರುವಾಗುವುದೇ ಎರಡೂಕಾಲಿಗೆ. ಐದು ಮಕ್ಕಳು ಮನೆಯಿಂದ ಒಂದೊಂದು ವಸ್ತು ತಂದು, ಎಲ್ಲರ ಮುಂದೆ ನಿಂತು ಅದರ ಬಗ್ಗೆ ಮಾತಾಡಬೇಕು.

ಹಾಗಾದರೆ ನಡೆಯುವ ಮೊದಲೇ ನಡೆದದ್ದನ್ನು ಬರೆಯುವುದು ಹೇಗೆ? ಸುಲಭ. ಊಟದ ಬಿಡುವಿನಲ್ಲಿ ಬರೆಯುವುದು. ನಮ್ಮಲ್ಲಿ ಎಲ್ಲ ಟೀಚರುಗಳೂ ಹಾಗೇ ಮಾಡುತ್ತೇವೆ, ಸತ್ಯಭಾಮಾ ಮೇಡಂಗೂ ಅದು ಗೊತ್ತು. ನನ್ನ ಫೋನಿನಲ್ಲಿ ಎಂಟು ಸಿದ್ಧ ವಾಕ್ಯಗಳಿವೆ. ‘ನಿರ್ಭಯವಾಗಿ, ಸ್ಪಷ್ಟ ದನಿಯಲ್ಲಿ ಮಾತನಾಡಿದಳು.’ ‘ಗೆಳೆಯರ ಪ್ರಶ್ನೆಗಳಿಗೆ ನಗುತ್ತಾ ಉತ್ತರಿಸಿದನು.’ ಮಗುವಿನ ಹೆಸರು ಬದಲಿಸು, ವಸ್ತುವಿನ ಹೆಸರು ಬದಲಿಸು, ಕಳಿಸು. ಬಲಗೈಯಲ್ಲಿ ಚಪಾತಿ, ಎಡಗೈಯಲ್ಲಿ ಫೋನು. ಏಳು ವರ್ಷದ ಐದು ಮಕ್ಕಳು ಎದ್ದು ನಿಂತು ಮಾತಾಡುವುದರಲ್ಲಿ ತಪ್ಪುವಂಥದ್ದೇನಿದೆ? ಹನ್ನೊಂದು ವರ್ಷದಿಂದ ಎರಡನೇ ತರಗತಿಯ ಟೀಚರಾಗಿರುವ ಈ ಶ್ರೀದೇವಿಗೆ ಒಮ್ಮೆಯೂ ತಪ್ಪಿರಲಿಲ್ಲ.

ಆ ಶುಕ್ರವಾರದ ಐವರಲ್ಲಿ ಹೇಮಶ್ರೀ ಇದ್ದಳು. ಅವಳ ಹೆಸರನ್ನು ಬರೆಯುವಾಗ ನಾನು ನೋಡಿದೆ. ನೋಡಿಯೂ ಬೆರಳು ನಿಲ್ಲಲಿಲ್ಲ. ಮರೆತುಬಿಟ್ಟೆ ಎಂದು ಹೇಳಿ ತಪ್ಪಿಸಿಕೊಳ್ಳುವ ದಾರಿ ನನಗಿಲ್ಲ.

ಹೇಮಶ್ರೀ ಶಾಲೆಯಲ್ಲಿ ಮಾತಾಡುವುದಿಲ್ಲ. ಜೂನ್‌ನಿಂದ ನವೆಂಬರ್‌ವರೆಗೆ ಒಂದಕ್ಷರ ಇಲ್ಲ. ಹಾಜರಿ ಕೂಗಿದರೆ ಕೈ ಎತ್ತುತ್ತಾಳೆ. ಓದು ಎಂದರೆ ಸಾಲಿನ ಕೆಳಗೆ ಬೆರಳು ಸರಿಯುತ್ತದೆ, ತುಟಿ ಸರಿಯುವುದಿಲ್ಲ. ಬರವಣಿಗೆ ಮುತ್ತು ಪೋಣಿಸಿದ ಹಾಗೆ. ಮನೆಯಲ್ಲಿ ಅರಳು ಹುರಿದಂತೆ ಮಾತಾಡುತ್ತಾಳೆ ಎಂದು ಅವಳ ಅಜ್ಜಿ ನಾರಾಯಣಮ್ಮ ಹೇಳುತ್ತಿದ್ದರು. ನಾನೇ ಆಗಸ್ಟ್‌ನಲ್ಲಿ ಅವರನ್ನು ಕರೆಸಿ, ಜಯನಗರದಲ್ಲಿ ಇಂಥ ಮಕ್ಕಳನ್ನು ನೋಡುವ ಡಾಕ್ಟರೊಬ್ಬರಿದ್ದಾರೆ, ಒಮ್ಮೆ ತೋರಿಸಿ ಎಂದಿದ್ದೆ.

ಆ ದಿನ ಹೇಮಶ್ರೀ ಮುದ್ದೆ ಕೋಲು ತಂದಿದ್ದಳು. ರಾಗಿ ಮುದ್ದೆ ತಿರುವಿ ತಿರುವಿ ಅಜ್ಜಿಯ ಕೈಯಲ್ಲಿ ಸವೆದು ನುಣುಪಾದ ಕೋಲು. ಅದನ್ನು ಎದೆಗೆ ಒತ್ತಿಕೊಂಡು ಬೋರ್ಡಿನ ಮುಂದೆ ಎರಡು ನಿಮಿಷ ನಿಂತಳು. ಮಕ್ಕಳೂ ಸುಮ್ಮನೆ ಕಾದರು. ಆಮೇಲೆ ನಾನು “ಪರ್ವಾಗಿಲ್ಲ ಪುಟ್ಟಿ, ಕೂತ್ಕೊ” ಎಂದೆ. ಅವಳು ಕೂತಳು. ಗೋಡೆ ಗಡಿಯಾರದಲ್ಲಿ ಎರಡು ಮೂವತ್ತೈದು. ಓಲೆ ಹೋಗಿ ಐದು ನಿಮಿಷವಾಗಿತ್ತು. ‘ಹೇಮಶ್ರೀ ತಾನು ತಂದ ಮುದ್ದೆ ಕೋಲಿನ ಬಗ್ಗೆ ನಿರ್ಭಯವಾಗಿ, ಸ್ಪಷ್ಟ ದನಿಯಲ್ಲಿ ಮಾತನಾಡಿದಳು. ತರಗತಿಯೆಲ್ಲ ಚಪ್ಪಾಳೆ ತಟ್ಟಿತು.’

ಸೋಮವಾರ ಹೇಳಿಬಿಟ್ಟರಾಯಿತು ಅಂದುಕೊಂಡೆ. ಶನಿವಾರ, ಭಾನುವಾರ ಬಟ್ಟೆ ಒಗೆದೆ.

ಸೋಮವಾರ ಬೆಳಗ್ಗೆ ಗೇಟಿನ ಹತ್ತಿರ ನಾರಾಯಣಮ್ಮ ನನಗಿಂತ ಮೊದಲೇ ಬಂದು ನಿಂತಿದ್ದರು. ಜರಿ ಅಂಚಿನ ಸೀರೆ, ಮುಡಿ ತುಂಬ ಕನಕಾಂಬರ, ಕೈಯಲ್ಲಿ ದೊಡ್ಡ ಸ್ಟೀಲ್ ಡಬ್ಬ. ನನ್ನನ್ನು ಕಂಡದ್ದೇ ಡಬ್ಬವನ್ನು ವಾಚ್‌ಮನ್ ಕುರ್ಚಿಯ ಮೇಲಿಟ್ಟು ನನ್ನ ಎರಡೂ ಕೈ ಹಿಡಿದುಕೊಂಡರು.

“ಟೀಚರಮ್ಮ, ನಿಮ್ ಹೊಟ್ಟೆ ತಣ್ಣಗಿರ್ಲಿ. ನನ್ ಮಗ ಮನೋಜ ಓದಿ ಹೇಳ್ದ. ನಂಗೆ ಅಕ್ಷರ ಬರಲ್ವಲ್ಲ, ಮೂರು ಸಲ ಓದಿಸ್ದೆ. ಬೇಗೂರಲ್ಲಿ ಬಾಣಂತನಕ್ಕೆ ಹೋಗಿರೋ ಸೊಸೆಗೂ ಫೋನ್ ಮಾಡಿ ಓದಿಸ್ದೆ, ಅವ್ಳು ಅತ್ತೇಬಿಟ್ಲು. ಒಂಬತ್ತು ವಾರ ಬನಶಂಕರಮ್ಮಂಗೆ ನಿಂಬೆಹಣ್ಣಿನ ದೀಪ ಹಚ್ತೀನಿ ಅಂತ ಹರಕೆ ಹೊತ್ತಿದ್ದೆ. ಏಳನೇ ವಾರಕ್ಕೇ ಕಣ್ಬಿಟ್ಲು ನೋಡಿ ತಾಯಿ, ಇಸ್ಕೂಲಲ್ಲಿ ಮಗು ಮಾತಾಡ್ತು.”

ಹೇಳಬೇಕು. ಈಗಲೇ. ಬಾಯಿ ತೆರೆದೆ ಕೂಡ.

“ಆ ಜಯನಗರದ ಡಾಕ್ಟ್ರುನೂ ಬೇಡ ಅಂದ್ಬುಟ್ವಿ. ಗುರುವಾರ ಹತ್ತು ಗಂಟೆಗಿತ್ತು. ಎರಡು ತಿಂಗ್ಳು ಕಾಯಿಸಿದ್ರು ಪಾಪ, ಇನ್ಯಾರ್ಗಾದ್ರೂ ಉಪಯೋಗ ಆಗ್ಲಿ ಅಂತ ಮನೋಜನೇ ಕ್ಯಾನ್ಸಲ್ ಮಾಡ್ಸ್ದ.”

ಬೆಲ್ಲು ಹೊಡೆಯಿತು. “ಒಬ್ಬಟ್ಟು, ಎಲ್ಲಾ ಮಕ್ಳಿಗೂ ಕೊಡಿ” ಎಂದು ಡಬ್ಬ ನನ್ನ ಕೈಗೆ ಹಾಕಿ ಅವರು ಹೊರಟೇಬಿಟ್ಟರು. ಹೇಮಶ್ರೀ ನೆಲ ನೋಡುತ್ತಾ ನನ್ನ ಪಕ್ಕದಲ್ಲಿ ನಡೆದಳು. ಎಂದಿನ ಹಾಗೆ ನನ್ನ ಸೆರಗಿನ ತುದಿ ಹಿಡಿಯಲಿಲ್ಲ. ಅದನ್ನು ನಾನು ಗಮನಿಸಿದ್ದು ಕ್ಲಾಸಿನ ಬಾಗಿಲಲ್ಲಿ.

ಮೂವತ್ತೆರಡು ಮಕ್ಕಳಿಗೂ ಅರ್ಧರ್ಧ ಒಬ್ಬಟ್ಟು ಹಂಚಿದೆ. ಯಾಕೆ ಮಿಸ್, ಯಾರ ಬರ್ತ್‌ಡೇ ಎಂದು ಕೇಳಿದರು. ಹೇಮಶ್ರೀ ಅಜ್ಜಿ ಕೊಟ್ಟಿದ್ದು ಎಂದೆ. ಮುಂದಿನ ಬೆಂಚಿನ ಕೈಲಾಸ್, ಅಜ್ಜಿ ಗೇಟಿನಲ್ಲಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡವನು, ಬೆರಳು ನೆಕ್ಕುತ್ತಾ ಯೋಚನೆ ಮಾಡಿ ನನ್ನ ಟೇಬಲ್ ಹತ್ತಿರ ಬಂದ.

“ಮಿಸ್, ಹೇಮಶ್ರೀ ಯಾವಾಗ ಮಾತಾಡಿದ್ಲು? ನಾನು ಬಾತ್‌ರೂಮ್‌ಗೆ ಹೋಗಿದ್ನಾ?”

“ಹೋಗಿ ಕೂತ್ಕೊ ಕೈಲಾಸ್” ಎಂದು ಗದರಿದೆ. ಪಾಪದ ಹುಡುಗ, ನಾನು ಸುಳ್ಳು ಬರೆದೆ ಎನ್ನುವುದಕ್ಕಿಂತ ತಾನೇ ಇರಲಿಲ್ಲ ಎಂದು ನಂಬುವುದು ಅವನಿಗೆ ಸಲೀಸಾಗಿತ್ತು.

ಆ ವಾರದ ವಿಜ್ಞಾನದ ಕೆಲಸ ಹೆಸರುಕಾಳು ಮೊಳಕೆ. ಒದ್ದೆ ಹತ್ತಿ, ಐಸ್‌ಕ್ರೀಂ ಕಪ್ಪು, ಒಬ್ಬೊಬ್ಬರಿಗೆ ಐದೈದು ಕಾಳು, ಕಪ್ಪಿನ ಮೇಲೆ ಹೆಸರು. ಹತ್ತಿಯನ್ನು ಎಷ್ಟು ಹಿಂಡಿ ಕೊಟ್ಟೆನೋ ಗೊತ್ತಿಲ್ಲ, ಅರ್ಧ ಕ್ಲಾಸಿಗೆ ಒಣಹತ್ತಿ ಹೋಗಿತ್ತು. ಮತ್ತೆ ಎಲ್ಲವನ್ನೂ ಒದ್ದೆ ಮಾಡಿದೆ. ಗಡಿಯಾರ ನೋಡಿದೆ. ಗುರುವಾರ ಹತ್ತು ಗಂಟೆಗೆ ಇನ್ನು ಮೂರು ದಿನವೂ ಇಲ್ಲ. ಈ ದಿನವೇ ಹೇಳಿದರೆ ಅವರು ಫೋನ್ ಮಾಡಿ ಆ ಸಮಯ ವಾಪಸ್ ಕೇಳಬಹುದು.

ಮೂರು ಗಂಟೆಗೆ ಸತ್ಯಭಾಮಾ ಮೇಡಂ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

“ಶ್ರೀದೇವಿ, ನೀವು ಹೇಳ್ಬಿಟ್ರೆ ನಿಮಗೆ ನಿದ್ದೆ ಬರುತ್ತೆ, ಒಪ್ತೀನಿ. ಆಮೇಲೆ? ಇದೊಂದು ಸುಳ್ಳು ಅಂದ್ರೆ ಇಷ್ಟು ವರ್ಷದ್ದೂ ಸುಳ್ಳು ಅಂತಾರೆ ಪೇರೆಂಟ್ಸು. ಒಂದು ಕೆಲ್ಸ ಮಾಡಿ. ಈ ಶುಕ್ರವಾರದ ಓಲೇಲಿ ‘ಹೇಮಶ್ರೀ ಈ ವಾರ ಸ್ವಲ್ಪ ಸಂಕೋಚದಿಂದ ಇದ್ದಳು’ ಅಂತ ಹಾಕಿ. ಮುಂದಿನ ವಾರ ‘ಇನ್ನಷ್ಟು ಪ್ರೋತ್ಸಾಹ ಬೇಕು’ ಅಂತ. ತಾನಾಗೇ ಸರಿಹೋಗುತ್ತೆ.”

“ಡಾಕ್ಟರ್ ಅಪಾಯಿಂಟ್‌ಮೆಂಟು ಮೇಡಂ?”

“ಇನ್ನೊಂದು ತಗೋತಾರೆ ಬಿಡಿ. ಅಥ್ವಾ ಮಗೂನೇ ಮಾತಾಡ್ಸಿ. ಆಗ ಸುಳ್ಳು ಎಲ್ಲಿ ಬಂತು?”

ಆ ಕೊನೆಯ ಮಾತು ನನ್ನ ತಲೆಯೊಳಗೆ ಹೋಗಿ ಕೂತಿತು. ಮನೆಗೆ ಬಂದು ಕುಕ್ಕರ್ ತೊಳೆದೆ, ಇಟ್ಟೆ, ಮತ್ತೆ ತೊಳೆದೆ. ನನ್ನ ಗಂಡ ಶರಣ್ ಬಾಗಿಲಲ್ಲಿ ನಿಂತು ನೋಡಿದ. “ಹೇಳ್ಬಿಡು, ಇಲ್ಲಾ ಸುಮ್ನಿರು. ಎರಡೂ ಮಾಡ್ದೆ ಪಾತ್ರೆ ಸವೆಸ್ಬೇಡ” ಎಂದ. ಅವನ ಮೇಲೆ ರೇಗಿದೆ. ಅವನು ಸರಿಯಾಗಿ ಹೇಳಿದ್ದಕ್ಕೇ ರೇಗಿದ್ದು.

ಮಂಗಳವಾರ ನಾನು ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಊಟದ ಬಿಡುವಿನಲ್ಲಿ ಹೇಮಶ್ರೀಯನ್ನು ಕ್ಲಾಸಿನಲ್ಲೇ ಉಳಿಸಿಕೊಂಡೆ. ಬಾಗಿಲು ಮುಂದೆ ಮಾಡಿದೆ. ಅವಳ ಎದುರು ಸಣ್ಣ ಕುರ್ಚಿಯಲ್ಲಿ ಕೂತೆ. ಫೋನನ್ನು ನೀರಿನ ಬಾಟಲಿಗೆ ಒರಗಿಸಿ ರೆಕಾರ್ಡಿಂಗ್ ಒತ್ತಿದೆ.

“ಹೇಮಶ್ರೀ, ಒಂದೇ ಒಂದು ಪದ. ‘ಕೋಲು’ ಅನ್ನು. ಮಿಸ್‌ಗೋಸ್ಕರ. ಯಾರೂ ಇಲ್ಲ ನೋಡು ಇಲ್ಲಿ.”

ಅವಳು ಸ್ಕರ್ಟಿನ ಮಡಿಕೆ ಹಿಡಿದುಕೊಂಡಳು.

“ಗಟ್ಟಿಯಾಗಿ ಬೇಡ. ಮೆಲ್ಲಗೆ ಅಂದ್ರೂ ಸಾಕು. ಮಿಸ್‌ಗೆ ಕೇಳಿಸ್ಲಿ. ಹೇಳಮ್ಮ. ಹೇಳು. ಮನೇಲಿ ಮಾತಾಡ್ತೀಯಲ್ಲ, ಇಲ್ಲೇನು ಕಷ್ಟ?”

ನನ್ನ ದನಿ ಏರುತ್ತಿದ್ದದ್ದು ನನಗೇ ಕೇಳಿಸುತ್ತಿತ್ತು. ಅವಳ ತುಟಿಗಳು ಬಿಳಿಚಿಕೊಳ್ಳುವಷ್ಟು ಬಿಗಿದವು. ಕಣ್ಣಿಂದ ನೀರು ಇಳಿದು ಊಟದ ಡಬ್ಬಿಯ ಮುಚ್ಚಳದ ಮೇಲೆ ಬಿತ್ತು. ಅಳುವುದಕ್ಕೂ ಸದ್ದಿಲ್ಲ. ನಾನು ಎದ್ದು ಬಾಗಿಲು ತೆಗೆದೆ. ಡಬ್ಬಿಯಲ್ಲಿದ್ದ ಚಿತ್ರಾನ್ನವನ್ನು ಅವಳು ಮುಟ್ಟಿರಲಿಲ್ಲ. ಫೋನಿನಲ್ಲಿ ಒಂದು ನಿಮಿಷ ನಲವತ್ತು ಸೆಕೆಂಡಿನ ವಿಡಿಯೋ ಇತ್ತು, ಪೂರ್ತಿ ನನ್ನದೇ ಮಾತು. ಅಳಿಸಿಹಾಕಿದೆ. ಅಳಿಸಿದ ಮೇಲೂ ಮಧ್ಯಾಹ್ನವೆಲ್ಲ ಫೋನು ಮುಟ್ಟಲು ಹೇಸಿಗೆಯಾಯಿತು.

ಬುಧವಾರ ‘ನಮ್ಮ ಬೀದಿ’ ಚಿತ್ರ ಬರೆಸುವ ದಿನ. ಒಬ್ಬ ಬೇಕರಿ ಬರೆದ, ಇನ್ನೊಬ್ಬಳು ಫ್ಲೈಓವರ್ ಕೆಳಗೆ ಮಲಗಿದ ನಾಯಿ. ಹೇಮಶ್ರೀ ತನ್ನ ಮನೆ ಬರೆದಳು. ಹಳೇ ಕಾಲದ ಹೆಂಚಿನ ಮನೆ ಕೆಡವಿ ಕಟ್ಟಿದ ಮೂರು ಮಹಡಿ, ಬಾಡಿಗೆಯವರ ಬಾಗಿಲುಗಳು, ಮೇಲೆ ತಾರಸಿಯ ತುಂಬ ಸಾಲಾಗಿ ಬಣ್ಣದ ಕೊಡಗಳು. ಬೀದಿಯಲ್ಲಿ ಒಬ್ಬರೂ ಇಲ್ಲ. ‘ಅಜ್ಜಿ ಎಲ್ಲಿ ಪುಟ್ಟಿ?’ ಎಂದೆ. ಅವಳು ಹಾಳೆಯನ್ನು ತಿರುವಿ ಹಾಕಿದಳು.

ಕಿಟಕಿಯಲ್ಲಿಟ್ಟ ಕಪ್ಪುಗಳಲ್ಲಿ ಹೆಸರುಕಾಳು ಬಿರಿದು ಬಿಳಿ ಬಾಲ ಹೊರಬಂದಿತ್ತು. ಮಕ್ಕಳು ಕೂಗಾಡಿದರು. ನನ್ನ ಕಣ್ಣು ಗಡಿಯಾರದ ಮೇಲೆ. ನಾಳೆ ಹತ್ತು ಗಂಟೆ. ಮೂರು ಹೊಡೆದದ್ದೇ ಬ್ಯಾಗು ತೆಗೆದುಕೊಂಡು ಹೇಮಶ್ರೀ ಮನೆಯಿರುವ ಕದಿರೇನಹಳ್ಳಿಯ ಕಡೆ ನಡೆದೆ. ಸತ್ಯಭಾಮಾ ಮೇಡಂಗೆ ಹೇಳಲಿಲ್ಲ. ಆಟೋ ಹಿಡಿಯಲಿಲ್ಲ, ನಿಂತು ಕಾಯುವ ತಾಳ್ಮೆ ಇರಲಿಲ್ಲ.

ಹಳೇ ಊರಿನ ಗಲ್ಲಿಯೊಳಗೆ ಅವರ ಕಟ್ಟಡ ಚಿತ್ರದಲ್ಲಿದ್ದ ಹಾಗೇ ಇತ್ತು. ಕೆಳಗೆ ಬಾಗಿಲು ತೆರೆದಿತ್ತು, ಯಾರೂ ಕಾಣಲಿಲ್ಲ. ಪಕ್ಕದ ಮೆಟ್ಟಿಲ ಮೇಲಿಂದ ಒಂದು ಮಗುವಿನ ದನಿ ಬರುತ್ತಿತ್ತು. ತುಸು ದಪ್ಪ, ತುಸು ಒಡಕು, ಗಟ್ಟಿ ದನಿ. ಬಾಡಿಗೆಯವರ ಮಗು ಇರಬೇಕು ಅಂದುಕೊಂಡು ಮೂರು ಮಹಡಿ ಹತ್ತಿದೆ. ತಾರಸಿಯ ಬಾಗಿಲ ಸಂದಿಯಲ್ಲಿ ನೋಡಿದರೆ ಹೇಮಶ್ರೀ.

ಐದು ಪ್ಲಾಸ್ಟಿಕ್ ಕೊಡಗಳನ್ನು ಸಾಲಾಗಿ ನಿಲ್ಲಿಸಿದ್ದಳು. ಟವೆಲ್ಲನ್ನು ಸೆರಗಿನ ಹಾಗೆ ಹೊದ್ದು, ಕೈಯಲ್ಲಿ ಮುದ್ದೆ ಕೋಲು ಹಿಡಿದು ಅವುಗಳ ಮುಂದೆ ಓಡಾಡುತ್ತಿದ್ದಳು. ಜೂನ್‌ನಿಂದ ನಾನು ಕೇಳಲು ಕಾದಿದ್ದ ದನಿ ಅದು.

“ಹಸಿರು, ಕಾಲು ಅಲ್ಲಾಡಿಸ್ಬೇಡ. ಕೆಂಪು, ಗುಡ್. ನೀಲಿ, ಎದ್ದು ನಿಂತ್ಕೊ. ಮಿಸ್‌ಗೆ ಕೇಳಿಸ್ಲಿ. ಹೇಳಮ್ಮ. ಹೇಳು. ಏನು ಕಷ್ಟ?” ಒಂದು ಗಳಿಗೆ ಕಾದಳು. ಆಮೇಲೆ ನೀಲಿ ಕೊಡದ ಹತ್ತಿರ ಬಗ್ಗಿದಳು. “ಇಲ್ಲ ಅಂತೀಯಾ? ನೀನು ಮಾತಾಡಿದೀಯ. ನಾನು ಬರ್ದಿದೀನಿ. ಬರ್ದ ಮೇಲೆ ಆಯ್ತು. ಸುಳ್ಳಿ. ಕೂತ್ಕೊ.”

ಕೋಲಿನಿಂದ ನೀಲಿ ಕೊಡಕ್ಕೆ ಒಂದು ಕೊಟ್ಟಳು. ಖಾಲಿ ಕೊಡ ಉರುಳಿಕೊಂಡು ಬಾಗಿಲವರೆಗೂ ಬಂತು. ಅದನ್ನು ಹಿಡಿಯಲು ಓಡಿಬಂದವಳು ನನ್ನನ್ನು ನೋಡಿದಳು. ದನಿ ಅಲ್ಲೇ ಹೋಯಿತು. ನಲ್ಲಿ ನಿಲ್ಲಿಸಿದ ಹಾಗೆ. ನಾನು ಏನೋ ಹೇಳಲು ಕೈ ಚಾಚಿದೆ. ಅವಳು ನೀರಿನ ಟ್ಯಾಂಕಿನ ಹಿಂದೆ ಹೋಗಿ ಕೂತಳು.

ಕೆಳಗಿಳಿದೆ. ನಾರಾಯಣಮ್ಮ ಸೊಪ್ಪಿನ ಕಟ್ಟು ಹಿಡಿದು ಆಗ ತಾನೇ ಒಳಗೆ ಬಂದಿದ್ದರು. “ಅಯ್ಯೋ ಟೀಚರಮ್ಮ, ಬನ್ನಿ ಬನ್ನಿ, ಕಾಫಿ ಇಡ್ತೀನಿ” ಎಂದರು. ನಡುಮನೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತಿದ್ದ ಹೇಮಶ್ರೀಯ ಅಪ್ಪ ಮನೋಜ್ ಎದ್ದು ನಿಂತ. ನಾನು ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದೆ. ಓಲೆಯನ್ನು ಯಾವಾಗ ಬರೆಯುತ್ತೇವೆ ಎಂದು, ಅವಳು ಒಂದು ಮಾತೂ ಆಡಲಿಲ್ಲ ಎಂದು, ಚಪ್ಪಾಳೆಯೂ ಸುಳ್ಳು ಎಂದು, ಮಂಗಳವಾರದ ಫೋನಿನ ವಿಷಯವನ್ನೂ.

ನಾರಾಯಣಮ್ಮ ಸೊಪ್ಪಿನ ಕಟ್ಟನ್ನು ನೆಲಕ್ಕಿಟ್ಟರು.

“ನಿನ್ನೆ ಅಮ್ಮನ ಮುಂದೆ ನಿಂತು, ಹರಕೆ ತೀರ್ತು ತಾಯಿ ಅಂತ ಹೇಳ್ಬಂದೆ ಕಣಮ್ಮ. ದೇವ್ರ ಮುಂದೇನೂ ನನ್ ಬಾಯಲ್ಲಿ ಸುಳ್ ಹೇಳಿಸ್ಬುಟ್ರಿ.”

ಮನೋಜ್ ಆಗಲೇ ಫೋನ್ ಹಿಡಿದು ಹೊರಗೆ ಹೋಗಿದ್ದ. ನಾರಾಯಣಮ್ಮ ಗೋಡೆಗೆ ಒರಗಿ ಕೂತರು. ಅವರ ದನಿ ಇದ್ದಕ್ಕಿದ್ದಂತೆ ಇಳಿಯಿತು.

“ಮಗು ಅವತ್ತೇ ಹೇಳ್ತು. ಶುಕ್ರವಾರ ಸಂಜೇನೇ. ‘ಅಜ್ಜಿ, ನಾನು ಮಾತಾಡ್ಲೇ ಇಲ್ಲ, ಸುಮ್ನೆ ನಿಂತಿದ್ದೆ’ ಅಂತು. ನಾನ್ ನಂಬ್ಲಿಲ್ಲ. ‘ಟೀಚರಮ್ಮ ಸುಳ್ ಬರೀತಾರೇನೇ? ನೀನೇ ಸುಳ್ಳಿ’ ಅಂದೆ. ‘ಮಾತಾಡ್ಲಿಲ್ಲ, ಮಾತಾಡ್ಲಿಲ್ಲ’ ಅಂತ ಹಟ ಮಾಡ್ತು. ಬೆನ್ ಮೇಲೆ ಒಂದು ಹಾಕ್ದೆ.” ಅವರು ತಮ್ಮ ಅಂಗೈಯನ್ನೇ ನೋಡಿಕೊಂಡರು. “ಶನಿವಾರದಿಂದ ನಮ್ ಹತ್ರನೂ ಮಾತಿಲ್ಲ. ಮೇಲೆ ಹೋಗಿ ಒಬ್ಳೇ ಅದೇನೋ ಆಡ್ಕೊಂಡಿರತ್ತೆ. ಇಸ್ಕೂಲಲ್ಲಿ ಮಾತು ಶುರುವಾಯ್ತಲ್ಲ, ಸುಸ್ತಾಗಿರ್ಬೇಕು ಅಂದ್ಕೊಂಡೆ ನಾನು.”

ನಾನು ಆ ಮಗುವಿನಿಂದ ಒಂದು ಅಪಾಯಿಂಟ್‌ಮೆಂಟ್ ಕಿತ್ತುಕೊಂಡೆ, ಅಷ್ಟೇ ಅಂದುಕೊಂಡಿದ್ದೆ. ಅವಳು ಮಾತಾಡುತ್ತಿದ್ದದ್ದು ಜಗತ್ತಿನಲ್ಲಿ ಒಂದೇ ಒಂದು ಮನೆಯಲ್ಲಿ. ಅಲ್ಲೂ ಅವಳ ಮಾತಿಗೆ ಬೆಲೆ ಇಲ್ಲದ ಹಾಗೆ ಮಾಡಿದ್ದೆ. ಅಲ್ಲಿ ನಿಂತು ಅತ್ತುಬಿಟ್ಟೆ. ನಾರಾಯಣಮ್ಮ ಸಮಾಧಾನ ಮಾಡಲಿಲ್ಲ. ಮಾಡಬೇಕಾಗಿಯೂ ಇರಲಿಲ್ಲ.

ಮನೋಜ್ ಒಳಗೆ ಬಂದ. “ನಾಳೇದು ಸೋಮವಾರನೇ ಬೇರೆಯವ್ರಿಗೆ ಕೊಟ್ಬಿಟ್ಟಿದಾರೆ ಮೇಡಂ. ಇನ್ನು ಜನವರಿ ಹದಿನಾರಕ್ಕಂತೆ.” ಅವನು ನನ್ನ ಮೇಲೆ ಕೂಗಾಡಿದ್ದರೆ ಚೆನ್ನಾಗಿತ್ತು. ಮೇಡಂ ಎಂದು ಕರೆದನಲ್ಲ, ಅದು ಚುಚ್ಚಿತು.

“ಅವಳ ಹತ್ರ ನಾನು ಈಗ್ಲೇ ಹೋಗಿ ತಪ್ಪಾಯ್ತು ಅಂತ ಹೇಳ್ಲಾ?” ಎಂದೆ.

“ಬಾಯಲ್ಲಿ ಹೇಳಿದ್ರೆ ಏನ್ಬಂತು?” ಎಂದರು ನಾರಾಯಣಮ್ಮ. “ಮಗು ಬಾಯಲ್ಲಿ ಹೇಳಿದ್ದನ್ನ ನಾನು ನಂಬ್ಲಿಲ್ಲ. ನೀವು ಬರ್ದಿದ್ದನ್ನ ನಂಬ್ದೆ. ಬರ್ದೇ ಕೊಡಿ. ಅವ್ಳ ಕೈಗೆ ಕೊಡಿ, ಆ ಫೋನಿಗೆ ಬೇಡ.”

ಗುರುವಾರ ಹೇಮಶ್ರೀ ಬರಲಿಲ್ಲ. ಹತ್ತು ಗಂಟೆಗೆ ನಾನು ಉಕ್ತಲೇಖನ ಹೇಳುತ್ತಿದ್ದೆ. ಅದೇ ಪದವನ್ನು ಎರಡು ಸಲ ಹೇಳಿದೆ ಎಂದು ಮಕ್ಕಳು ನಕ್ಕರು. ಖಾಲಿ ಜಾಗದ ಪಕ್ಕದ ಕಿಟಕಿಯಲ್ಲಿ ಅವಳ ಕಪ್ಪು ಒಣಗಿತ್ತು. ಒಂದು ಲೋಟ ನೀರು ತಂದು ಹಾಕಿದೆ, ಜಾಸ್ತಿಯಾಯಿತು, ಕಾಳುಗಳು ತೇಲಿದವು, ಅರ್ಧ ಚೆಲ್ಲಿದೆ. ಇನ್ನು ಅವಳು ಬರುವುದೇ ಇಲ್ಲವೇನೋ, ಬೇರೆ ಶಾಲೆಗೆ ಹಾಕಿಬಿಡುತ್ತಾರೇನೋ.

ಶುಕ್ರವಾರ ಬಂದಳು. ನನ್ನ ಕಡೆ ನೋಡಲಿಲ್ಲ. ಹಾಜರಿಗೆ ಕೈ ಎತ್ತಿದಳು, ಅಷ್ಟೆ.

ಊಟದ ಬಿಡುವಿನಲ್ಲಿ ನಾನು ಊಟ ಮಾತ್ರ ಮಾಡಿದೆ. ಎರಡೂಕಾಲಿಗೆ ಐದು ಮಕ್ಕಳು ನಿಂತರು. ಒಬ್ಬನು ತನ್ನ ತಾತನ ಕನ್ನಡಕ ತಂದಿದ್ದ, ಎರಡು ವಾಕ್ಯ ಹೇಳಿ ಮರೆತುಬಿಟ್ಟ. ಒಬ್ಬಳಿಗೆ ನಗು ನಿಲ್ಲಲಿಲ್ಲ. ಎರಡೂವರೆಯಾಯಿತು. ಎರಡು ನಲವತ್ತಕ್ಕೆ ಸತ್ಯಭಾಮಾ ಮೇಡಂ ಬಾಗಿಲಿಗೇ ಬಂದರು.

“ಶ್ರೀದೇವಿ, ನಿಮ್ ಕ್ಲಾಸಿನ ಓಲೆ ಒಂದೂ ಹೋಗಿಲ್ಲ!”

“ಇನ್ನೂ ಆಗ್ತಿದೆ ಮೇಡಂ. ಆದ್ಮೇಲೆ ಬರೀತೀನಿ. ಸಂಜೆ ಹೋಗುತ್ತೆ.”

“ಇದು ಸರಿಯಲ್ಲ. ಸೋಮವಾರ ನನ್ನ ರೂಮಿಗೆ ಬನ್ನಿ” ಎಂದು ಹೋದರು. ಹೋಗಲಿ. ಸೋಮವಾರ ಏನಾಗುತ್ತದೋ ಗೊತ್ತಿಲ್ಲ. ಅದರ ದಿಗಿಲೂ ಇತ್ತು, ಇಲ್ಲ ಎನ್ನಲಾರೆ.

ಮಕ್ಕಳು ಚೀಲ ತುಂಬಿಕೊಳ್ಳುವಾಗ ನಾಲ್ಕು ಗೆರೆಯ ಪುಸ್ತಕದ ಹಾಳೆ ಹರಿದು, ಅವಳು ಓದಬಲ್ಲ ಹಾಗೆ ದುಂಡಗೆ ಬರೆದೆ. ‘ಹೋದ ವಾರ ನಾನು ಬರೆದದ್ದು ಸುಳ್ಳು. ಹೇಮಶ್ರೀ ಮಾತಾಡಲಿಲ್ಲ, ಸುಮ್ಮನೆ ನಿಂತಿದ್ದಳು. ಹೇಮಶ್ರೀ ಮನೆಯಲ್ಲಿ ಹೇಳಿದ್ದೇ ನಿಜ. ತಪ್ಪು ನನ್ನದು.’ ಕೆಳಗೆ ಸಹಿ ಹಾಕಿ ಅವಳ ಕೈಗೆ ಕೊಟ್ಟೆ.

ಬೆರಳು ಸಾಲಿನ ಕೆಳಗೆ ಸರಿಯಿತು. ಕೊನೆಯವರೆಗೆ ಹೋಗಿ ಮತ್ತೆ ಮೊದಲಿಗೆ ಬಂತು. ಅವಳು ನನ್ನ ಮುಖ ನೋಡಲಿಲ್ಲ. ಹಾಳೆಯನ್ನು ಚೀಲಕ್ಕೆ ಹಾಕಲೂ ಇಲ್ಲ. ಕೈಯಲ್ಲೇ ಹಿಡಿದು, ಬೆಲ್ಲಿಗೂ ಕಾಯದೆ ಬಾಗಿಲು ದಾಟಿ ಓಡಿದಳು.

ನಾನು ಕಿಟಕಿಗೆ ಹೋದೆ. ಗೇಟಿನ ಒಳಗೆ, ಸಂಪಿಗೆ ಮರದ ಹತ್ತಿರ ನಾರಾಯಣಮ್ಮ ಕಾಯುತ್ತಿದ್ದರು. ಹೇಮಶ್ರೀ ಹಾಳೆ ತೋರಿಸಿದಳು. ಅಜ್ಜಿ ಅದನ್ನು ತೆಗೆದುಕೊಂಡು, ತಿರುಗಿಸಿ ನೋಡಿ, ಓದಲು ಬರುವುದಿಲ್ಲವಲ್ಲ ಎನ್ನುವಂತೆ ತಲೆಯಾಡಿಸಿ ವಾಪಸ್ ಕೊಟ್ಟರು. ಸುತ್ತ ಅಪ್ಪ ಅಮ್ಮಂದಿರು, ಆಟೋದವರು, ಬೆಲ್ಲಿನ ಸದ್ದಿಗೆ ನುಗ್ಗಿದ ಮಕ್ಕಳು. ಅದರ ಮಧ್ಯದಲ್ಲಿ ಹೇಮಶ್ರೀ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿ ತೆರೆದಳು. ನನಗೆ ಒಂದು ಪದವೂ ಕೇಳಿಸಲಿಲ್ಲ. ಅವಳ ತುಟಿಗಳು ಮಾತ್ರ ಕಾಣುತ್ತಿದ್ದವು, ಪದ ಬಿಡಿಸಿ ಬಿಡಿಸಿ ಓದುತ್ತಿದ್ದವು.

ಓದಿ ಮುಗಿದ ಮೇಲೆ ನಾರಾಯಣಮ್ಮ ಮೆಲ್ಲಗೆ ಬಗ್ಗಿ ಅವಳ ಬೆನ್ನ ಮೇಲೆ ಕೈಯಿಟ್ಟು ಏನೋ ಹೇಳಿದರು. ಇನ್ನೊಂದು ಸಲ ಓದು ಅಂದಿರಬೇಕು. ಹೇಮಶ್ರೀ ಮತ್ತೆ ಮೊದಲಿಂದ ಓದಿದಳು.